ಮಗಳಿಗೆ ಮೊದಲ ಕಾರು: ಮೈಲೇಜ್ ಆಮೇಲೆ, ಮೊದಲು ಏರ್‌ಬ್ಯಾಗ್ ದೀಪ ನೋಡಿ

ನನ್ನ ಮಗಳಿಗೆ 19 ವರ್ಷ. ಮನೆ ಮೈಸೂರಿನಲ್ಲಿ, ಕಾಲೇಜು ಇಲವಾಲದ ಆಚೆ. ಮೊದಲ ವರ್ಷ ಕಾಲೇಜು ಬಸ್ಸಿನಲ್ಲೇ ಹೋಗಿಬಂದಳು. ಎರಡನೇ ವರ್ಷಕ್ಕೆ ಲ್ಯಾಬ್, ಪ್ರಾಜೆಕ್ಟ್ ಅಂತ ಸಂಜೆ ಆರೂವರೆ, ಏಳು ಗಂಟೆ ಆಗತೊಡಗಿತು. ಬಸ್ಸು ತಪ್ಪುತ್ತಿತ್ತು. ಸ್ಕೂಟರ್ ತಗೊಂಡು ಹೋಗ್ತೀನಿ ಅಂದಳು. ಕತ್ತಲಾದ ಮೇಲೆ ಹುಣಸೂರು ರಸ್ತೆಯಲ್ಲಿ, ಮಡಿಕೇರಿ ಕಡೆಯಿಂದ ಬರುವ ಬಸ್ಸು ಲಾರಿಗಳ ನಡುವೆ ಅವಳು ಒಬ್ಬಳೇ ಸ್ಕೂಟರಿನಲ್ಲಿ ಬರುವುದನ್ನು ನೆನೆಸಿಕೊಂಡರೇ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ನಮ್ಮ ಬೀದಿಯ ಒಬ್ಬ ಹುಡುಗ, ಮಗಳಿಗಿಂತ ಎರಡು ವರ್ಷ ದೊಡ್ಡವನು, ಅದರ ಹಿಂದಿನ ವರ್ಷ ಶ್ರೀರಂಗಪಟ್ಟಣದ ಹತ್ತಿರ ಡಿವೈಡರಿಗೆ ಗುದ್ದಿದ. ಅಂಥಾ ಸ್ಪೀಡಿನಲ್ಲೇನೂ ಇರಲಿಲ್ಲ. ಹಳೆಯ ಬೇಸ್ ಮಾಡೆಲ್ ಕಾರು, ಏರ್‌ಬ್ಯಾಗ್ ಇರಲಿಲ್ಲ. ದವಡೆ ಮುರಿದು ಎರಡು ಆಪರೇಷನ್ ಆಯಿತು, ವಾರಗಟ್ಟಲೆ ಬರೀ ಗಂಜಿ. ಅವನ ಅಮ್ಮ ನನ್ನ ಹತ್ತಿರ ಹೇಳಿದ್ದು ಇಷ್ಟು: "ಮೈಲೇಜ್ ಕೇಳಿದ್ವಿ, ಟೈರ್ ನೋಡಿದ್ವಿ. ಏರ್‌ಬ್ಯಾಗ್ ಇದೆಯಾ ಅಂತ ಒಬ್ರೂ ಕೇಳ್ಲಿಲ್ಲ ಕಣೇ." ಕಾರು ಹುಡುಕಲು ಹೊರಟಾಗ ಆ ಮಾತು ನನ್ನ ಜೊತೆಗೇ ಬಂತು.

ಕೈಯಲ್ಲಿದ್ದದ್ದು ಐದು ಲಕ್ಷ. ಇನ್ಶೂರೆನ್ಸು, ಹೆಸರು ಬದಲಾವಣೆ, ಸಣ್ಣಪುಟ್ಟ ರಿಪೇರಿ ಎಲ್ಲ ಅದರೊಳಗೇ ಆಗಬೇಕು. ಮನೆಯಲ್ಲಿ ವಿಷಯ ಎತ್ತಿದಾಗ ಎಲ್ಲರದ್ದೂ ಒಂದೇ ಸಲಹೆ. "ಕಲಿಯೋ ಹುಡುಗಿಗೆ ಯಾಕೆ ಅಷ್ಟು ದುಡ್ಡು ಹಾಕ್ತೀಯಾ? ಒಂದೂವರೆ ಲಕ್ಷಕ್ಕೆ ಒಂದು ಹಳೇ ಗಾಡಿ ಕೊಡ್ಸು, ಗೀಚಿದ್ರೂ ಗುದ್ದಿದ್ರೂ ಬೇಜಾರಾಗಲ್ಲ" ಅಂತ ನಮ್ಮ ಭಾವನವರು ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನಾನು ಇದನ್ನು ಒಪ್ಪುವುದೇ ಇಲ್ಲ. ಮನೆಯಲ್ಲಿ ಎಲ್ಲರಿಗಿಂತ ಗುದ್ದುವ ಸಾಧ್ಯತೆ ಜಾಸ್ತಿ ಇರುವುದು ಈಗಷ್ಟೇ ಕಲಿತವರಿಗೆ. ಅವರ ಕೈಗೇ ಎಲ್ಲಕ್ಕಿಂತ ಬಡಕಲು ಗಾಡಿ ಕೊಡುವುದು ಅಂದರೆ ಹೇಗೆ? ಗೀಚಿದ್ದಕ್ಕೆ ಪೇಂಟ್ ಹೊಡೆಸಬಹುದು. ಗುದ್ದಿದಾಗ ಒಳಗೆ ಕೂತವಳು ನನ್ನ ಮಗಳು.

ಇನ್ನು ಕೆಲವರು "16ಕ್ಕೇ ಕಲಿಸಿಬಿಡಬೇಕಿತ್ತು" ಅಂದರು. ನಾವು ಕಲಿಸಲಿಲ್ಲ. 2019ರ ಸೆಪ್ಟೆಂಬರಿನಿಂದ ಕಾನೂನು ಬಿಗಿಯಾಗಿದೆ. 18 ತುಂಬದವರು ಕಾರು ಓಡಿಸಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸೂ ಇಲ್ಲ. ಮಗಳು 18 ತುಂಬಿದ ಮೇಲೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, ಡ್ರೈವಿಂಗ್ ಸ್ಕೂಲಿಗೆ ಹೋಗಿ, ಆಮೇಲೆ ಡಿಎಲ್ ತಗೊಂಡಳು.

ಹುಡುಕಲು ಶುರು ಮಾಡುವ ಮುಂಚೆ ನಾನು ಮಾಡಿದ ಮೊದಲ ಕೆಲಸ ಯಾವ ವರ್ಷದ ಗಾಡಿಯಲ್ಲಿ ಏನು ಕಡ್ಡಾಯ ಅಂತ ತಿಳಿದುಕೊಂಡದ್ದು. ಇದು ಗೊತ್ತಿದ್ದರೆ ಅರ್ಧ ಗಾಡಿಗಳನ್ನು ನೋಡಲು ಹೋಗುವುದೇ ಬೇಡ. ಹೊಸದಾಗಿ ಮಾರುವ ಎಲ್ಲ ಕಾರುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು ಅದೇ ವರ್ಷ ಜುಲೈ 1ರಿಂದ, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಬಜರ್ ಕೂಡ ಆಗಲೇ ಬಂತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾಗಿ ಬಂದದ್ದು 2022ರ ಹೊತ್ತಿಗೆ. ಅಂದರೆ 2019ಕ್ಕಿಂತ ಹಿಂದಿನ ಕಾರು ನೋಡುತ್ತಿದ್ದರೆ ಕಾರಿನ ಹೆಸರು ಕೇಳಿ ಸಾಲದು. ಹಿಂದೆ ಡಿಕ್ಕಿಯ ಮೇಲೆ, ಅದು ಬೇಸ್ ಮಾಡೆಲ್ಲೋ ಟಾಪ್ ಎಂಡೋ ಅಂತ ತಿಳಿಸುವ ಆ ಎರಡು ಮೂರು ಅಕ್ಷರ ಓದಬೇಕು. ಒಂದೇ ಹೆಸರು, ಒಂದೇ ಬಣ್ಣ, ಒಂದೇ ವರ್ಷದ ಎರಡು ಕಾರು ಅಕ್ಕಪಕ್ಕ ನಿಂತಿರುತ್ತವೆ, ಒಂದರಲ್ಲಿ ಎರಡು ಏರ್‌ಬ್ಯಾಗ್, ಇನ್ನೊಂದರಲ್ಲಿ ಒಂದೂ ಇಲ್ಲ, ಬೆಲೆಯಲ್ಲಿ ಮೂವತ್ತು ನಲವತ್ತು ಸಾವಿರದ ವ್ಯತ್ಯಾಸ ಅಷ್ಟೇ. ಅಕ್ಷರಗಳನ್ನೂ ಪೂರ್ತಿ ನಂಬಬೇಡಿ, ಬೇಸ್ ಮಾಡೆಲ್ ಮೇಲೆ ಟಾಪ್ ಎಂಡ್ ಅಕ್ಷರ ಅಂಟಿಸಿದ್ದನ್ನು ನಾನೇ ನೋಡಿದ್ದೇನೆ. ಸ್ಟೀರಿಂಗಿನ ನಡುವೆ ಮತ್ತು ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಅಂತ ಅಚ್ಚಾಗಿದೆಯಾ ನೋಡಿ.

ಕ್ರ್ಯಾಶ್ ಟೆಸ್ಟಿನ, ಅಂದರೆ ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಐದರವರೆಗೆ ಕೊಡುವ ನಕ್ಷತ್ರಗಳನ್ನೂ ನೋಡಿಕೊಂಡೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ನಮ್ಮ ದೇಶದಲ್ಲಿ ತುಂಬಾ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಬೇಸ್ ಮಾಡೆಲ್ಲುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ಐದಕ್ಕೂ ಸೊನ್ನೆ. ಅದರಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಒಂದು. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದಾಗ 4 ನಕ್ಷತ್ರ ಬಂತು. ಇದನ್ನು ಓದಿದ ದಿನ ನನಗೆ ವೇರಿಯಂಟ್, ಅಂದರೆ ಒಂದೇ ಕಾರಿನ ಬೇರೆ ಬೇರೆ ಮಾಡೆಲ್, ಎಷ್ಟು ಮುಖ್ಯ ಅಂತ ನಿಜವಾಗಿ ಅರ್ಥವಾಯಿತು. ಆಮೇಲೆ ಟಾಟಾ ನೆಕ್ಸಾನ್ 2018ರಲ್ಲಿ ಭಾರತದ ಮೊದಲ 5 ನಕ್ಷತ್ರದ ಕಾರಾಯಿತು, 2020ರಲ್ಲಿ ಆಲ್ಟ್ರೋಜ್‌ಗೆ 5, ಟಿಯಾಗೋಗೆ 4 ಬಂತು. ಒಂದು ವಿಷಯ ನೆನಪಿರಲಿ. 2022ರ ಜುಲೈನಿಂದ ಪರೀಕ್ಷೆ ಕಠಿಣವಾಗಿದೆ, 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಬಂದಿದೆ. ಹಾಗಾಗಿ ಹಳೆಯ 4 ನಕ್ಷತ್ರವೂ ಈಗಿನ 4 ನಕ್ಷತ್ರವೂ ಒಂದೇ ಅಲ್ಲ. ಆದರೂ ಸೊನ್ನೆ ಬಂದ ಗಾಡಿಯ ಮುಂದೆ ಹಳೆಯ 4 ದೊಡ್ಡದೇ.

ಎರಡು ತಿಂಗಳಲ್ಲಿ 11 ಗಾಡಿ ನೋಡಿದೆವು. ಅದರಲ್ಲಿ ಒಂದರ ಕಥೆ ವಿವರವಾಗಿ ಹೇಳಲೇಬೇಕು.

ರಿಂಗ್ ರೋಡಿನ ಪಕ್ಕದ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿ. ಕೆಂಪು ಹ್ಯಾಚ್‌ಬ್ಯಾಕ್, 2019ರ ಕೊನೆಯ ಗಾಡಿ, ಫಸ್ಟ್ ಓನರ್, 31,000 ಕಿಲೋಮೀಟರ್ ಓಡಿದೆ ಅಂದರು. ಹೊಸದರ ಹಾಗೆ ಫಳಫಳ ಅನ್ನುತ್ತಿತ್ತು. ಮಗಳಂತೂ ನೋಡಿದ ತಕ್ಷಣ "ಅಮ್ಮಾ, ಇದೇ" ಅಂದುಬಿಟ್ಟಳು. ನಾನೂ ಹೆಚ್ಚು ಕಡಿಮೆ ಒಪ್ಪಿಬಿಟ್ಟಿದ್ದೆ. ನನ್ನ ತಮ್ಮನ ಪರಿಚಯದ ಮೆಕ್ಯಾನಿಕ್ ಒಬ್ಬರು ಜೊತೆಗೆ ಬಂದಿದ್ದರು, ಇಪ್ಪತ್ತೈದು ವರ್ಷದಿಂದ ಗ್ಯಾರೇಜ್ ನಡೆಸುವವರು. ಅವರು ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಗಾಡಿ ಸ್ಟಾರ್ಟ್ ಮಾಡದೆ ಕೀ ಮಾತ್ರ ಒಂದು ಸುತ್ತು ತಿರುಗಿಸಿ ಮೀಟರ್ ಕಡೆ ನೋಡುತ್ತಾ ಕೂತರು. ಆಫ್ ಮಾಡಿದರು. ಮತ್ತೆ ತಿರುಗಿಸಿದರು. ಮೂರು ಸಲ.

"ಅಕ್ಕಾ, ಇಲ್ಲಿ ನೋಡಿ" ಅಂತ ಕರೆದರು. "ಕೀ ತಿರುಗಿಸಿದಾಗ ಎಲ್ಲಾ ದೀಪ ಹತ್ಕೋಬೇಕು. ಆಯಿಲ್, ಬ್ಯಾಟರಿ, ಎಬಿಎಸ್, ಏರ್‌ಬ್ಯಾಗ್. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಇದ್ದು ತಾನಾಗೇ ಹೋಗ್ಬೇಕು. ಇದ್ರಲ್ಲಿ ಹತ್ತಾನೇ ಇಲ್ಲ."

ಹತ್ತದಿದ್ದರೆ ಒಳ್ಳೆಯದೇ ಅಲ್ವಾ, ದೋಷ ಇಲ್ಲ ಅಂತ ತಾನೇ ಅರ್ಥ ಅಂದುಕೊಂಡಿದ್ದೆ ನಾನು. ಹಾಗಲ್ಲವಂತೆ. ಏರ್‌ಬ್ಯಾಗ್ ಒಂದು ಸಲ ಬಿಚ್ಚಿಕೊಂಡರೆ ಮುಗಿಯಿತು, ಅದನ್ನು ಮಡಚಿ ಮತ್ತೆ ತುಂಬಲು ಬರುವುದಿಲ್ಲ. ಬ್ಯಾಗುಗಳು, ಸೆನ್ಸರು, ಕಂಟ್ರೋಲ್ ಯೂನಿಟ್ಟು, ಜೊತೆಗೆ ಗುದ್ದಿದ ಕ್ಷಣದಲ್ಲಿ ಬಿಗಿದುಕೊಂಡ ಸೀಟ್ ಬೆಲ್ಟು, ಎಲ್ಲ ಹೊಸದು ಹಾಕಬೇಕು. ಅದಕ್ಕೆ ತುಂಬಾ ದುಡ್ಡಾಗುತ್ತದೆ. ಆ ದುಡ್ಡು ಉಳಿಸಬೇಕೆಂದರೆ ಸ್ಟೀರಿಂಗ್ ಮೇಲೆ ಬರೀ ಮುಚ್ಚಳ ಹಾಕಿ, ಸದಾ ಉರಿಯುತ್ತಿರುವ ಆ ಎಚ್ಚರಿಕೆ ದೀಪವನ್ನು ಕಿತ್ತುಬಿಡುತ್ತಾರೆ. ಇನ್ನೂ ಚಾಲಾಕಿಗಳು ಅದರ ವೈರನ್ನು ಪಕ್ಕದ ಇನ್ನೊಂದು ದೀಪಕ್ಕೆ ಸೇರಿಸುತ್ತಾರೆ. ಆಗ ಅದು ಹತ್ತಿ ಆರುತ್ತದೆ, ನೋಡಿದವರಿಗೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಅದಕ್ಕೇ ದೀಪ ನೋಡಿದರೆ ಸಾಲದು, ಗಾಡಿಯ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರ್ ಕೂಡ ಹಾಕಿ ನೋಡಬೇಕು.

ಆಮೇಲೆ ಅವರು ಬಾನೆಟ್ ಎತ್ತಿದರು. ಮುಂದಿನ ಫೆಂಡರಿನ (ಚಕ್ರದ ಮೇಲಿನ ಹೊರ ತಗಡು) ಬೋಲ್ಟುಗಳ ಅಂಚಿನಲ್ಲಿ ಪೇಂಟ್ ಎದ್ದಿತ್ತು, ಅಂದರೆ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ಎಡಗಡೆ ಏಪ್ರನ್ನಿನಲ್ಲಿ (ಅದರ ಒಳಗಿನ ತಗಡು) ಕಂಪನಿಯವರು ಹಾಕುವ ಗುಂಡಗಿನ ಸ್ಪಾಟ್ ವೆಲ್ಡ್ ಗುರುತುಗಳೇ ಇರಲಿಲ್ಲ, ಬದಲಿಗೆ ಸೀಲಂಟ್ ಬಳಿದಿದ್ದರು. ಸುತ್ತ ಇರುವ ಗಾಜುಗಳ ಮೂಲೆಯಲ್ಲಿ ಸಣ್ಣದಾಗಿ ತಯಾರಾದ ವರ್ಷದ ಗುರುತು ಇರುತ್ತದೆ. ಉಳಿದ ಎಲ್ಲ ಗಾಜಿನಲ್ಲಿ 19, ಮುಂದಿನ ದೊಡ್ಡ ಗಾಜಿನಲ್ಲಿ 22. ಅಂಗಡಿಯವರನ್ನು ಕೇಳಿದಾಗ "ಸಣ್ಣ ಟಚಪ್ ಮೇಡಂ, ಬಂಪರ್ ಅಷ್ಟೇ" ಅಂದರು. ಆ ಗಾಡಿಗೆ ಐದು ಲಕ್ಷ ಹತ್ತು ಸಾವಿರ ಕೇಳುತ್ತಿದ್ದರು. ನನಗೆ ಕೈ ನಡುಗುವಷ್ಟು ಸಿಟ್ಟು ಬಂತು. ಎದುರಿಗೆ ನಿಂತಿರುವ ಹುಡುಗಿಯೇ ಇದನ್ನು ಓಡಿಸುವವಳು ಅಂತ ಗೊತ್ತಿದ್ದೂ ಅದನ್ನು ಮಾರಲು ಹೊರಟಿದ್ದರು.

ಅವತ್ತಿನಿಂದ ಯಾವ ಗಾಡಿ ನೋಡಿದರೂ ಮೊದಲು ಕೀ ತಿರುಗಿಸಿ ದೀಪ ನೋಡುತ್ತಿದ್ದೆವು. ಅದು ಸರಿ ಇದ್ದರೆ ಮಾತ್ರ ಮುಂದಿನದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡುವುದನ್ನೂ ಅವರೇ ಕಲಿಸಿದರು. ಜೋರಾಗಿ ಜಗ್ಗಿದರೆ ಅದು ಹಿಡಿದುಕೊಳ್ಳಬೇಕು. ಪೂರ್ತಿ ಎಳೆದಾಗ ಒಳಗಿನ ಭಾಗದಲ್ಲಿ ಕೆಸರಿನ ಕಲೆಯ ಗೆರೆ ಕಂಡರೆ ಗಾಡಿ ನೀರಲ್ಲಿ ಮುಳುಗಿತ್ತು ಅಂತ ಅರ್ಥ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟು ಕಾರು ಮುಳುಗಿದವು, ನೆನಪಿದೆಯಲ್ಲ? ಅಂಥವು ತೊಳೆದು ಒಣಗಿಸಿ ಬೇರೆ ಊರಿಗೆ ಬರುತ್ತವೆ. ಮ್ಯಾಟ್ ಎತ್ತಿ ಮೂಸಿ ನೋಡಿ, ಸ್ಟೆಪ್ನಿ ತೆಗೆದು ಅದರ ಗುಂಡಿಯಲ್ಲಿ ಮಣ್ಣಿದೆಯಾ ನೋಡಿ, ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿದೆಯಾ ನೋಡಿ. ಎಲೆಕ್ಟ್ರಿಕ್ ಭಾಗಗಳು ಒಂದು ವರ್ಷ ಬಿಟ್ಟು ಒಂದೊಂದಾಗಿ ಕೈ ಕೊಡುತ್ತವೆ, ಅದರಲ್ಲಿ ಏರ್‌ಬ್ಯಾಗಿನ ವೈರಿಂಗೂ ಸೇರಿದೆ.

ಹಿಂದಿನ ಸೀಟಿನ ಬೆಲ್ಟನ್ನು ಯಾರೂ ನೋಡುವುದಿಲ್ಲ. ನಾವು ನೋಡಿದ 11ರಲ್ಲಿ 6 ಗಾಡಿಗಳಲ್ಲಿ ಬಕಲ್ಲುಗಳು ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿದ್ದವು. 2022ರಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡಾಗ ಎಲ್ಲರೂ ಹಿಂದಿನ ಬೆಲ್ಟಿನ ಬಗ್ಗೆ ಮಾತಾಡಿದರು, ಆಮೇಲೆ ಮರೆತರು. ಮಗಳ ಗಾಡಿಯಲ್ಲಿ ಹಿಂದೆ ಕೂರುವವರು ಅವಳ ಗೆಳತಿಯರು, ಬೇರೆ ಮನೆಯ ಮಕ್ಕಳು. ಮುಂದುಗಡೆ ಕಬ್ಬಿಣದ ಬುಲ್ ಬಾರ್ ಹಾಕಿದ ಗಾಡಿಯನ್ನೂ ಬಿಟ್ಟೆವು. ಅದು ಕಾನೂನಿಗೂ ವಿರುದ್ಧ, ಗುದ್ದಿದ ಪೆಟ್ಟು ಸರಿಯಾಗಿ ಸೆನ್ಸರಿಗೆ ತಲುಪದೆ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳದೆಯೂ ಇರಬಹುದು.

ಡೀಸೆಲ್ ಬೇಡವೇ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ದಿನಕ್ಕೆ ಮೂವತ್ತು ಕಿಲೋಮೀಟರಿಗೆ ಅದರ ಲೆಕ್ಕ ಕೂಡುವುದಿಲ್ಲ. ದೆಹಲಿಯಲ್ಲಿ ಹಳೆಯ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಕಡಿಮೆ ಬೆಲೆಗೆ ನಮ್ಮ ಕಡೆ ಬಂದವು ಬೇಕಾದಷ್ಟಿವೆ. ನೋಡಲು ದೊಡ್ಡ ಗಾಡಿ, ಬೆಲೆ ಸಣ್ಣದು. ಆದರೆ ಅಲ್ಲಿಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು.

ಕೊನೆಗೆ ಸಿಕ್ಕಿದ್ದು 2018ರ ಟೊಯೋಟಾ ಎಟಿಯೋಸ್ ಲಿವಾ, ಪೆಟ್ರೋಲ್. ಕುವೆಂಪುನಗರದ ನಿವೃತ್ತ ಲೆಕ್ಚರರ್ ಒಬ್ಬರದ್ದು, ಅವರೇ ಮೊದಲ ಮಾಲೀಕರು. 46,000 ಕಿಲೋಮೀಟರ್ ಓಡಿತ್ತು. ಈ ಗಾಡಿ ತಯಾರಾದದ್ದು ನಮ್ಮ ಬಿಡದಿಯಲ್ಲೇ. 2020ರಲ್ಲಿ ಇದನ್ನು ಮಾಡುವುದು ನಿಲ್ಲಿಸಿದರು, ಹಾಗಾಗಿ ಮರುಮಾರಾಟದಲ್ಲಿ ಬೆಲೆ ಸ್ವಲ್ಪ ಕಡಿಮೆ. ನಮಗೆ ಅದೇ ಅನುಕೂಲವಾಯಿತು. ಎಟಿಯೋಸ್‌ಗೆ 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಿಂದ 4 ನಕ್ಷತ್ರ ಬಂದಿತ್ತು. ನಾವು ನೋಡಿದ ಗಾಡಿಯಲ್ಲಿ ಎರಡು ಏರ್‌ಬ್ಯಾಗ್, ಎಬಿಎಸ್ ಎರಡೂ ಇದ್ದವು. ಇಂಜಿನ್ನಿನ ಬಗ್ಗೆ ಮೆಕ್ಯಾನಿಕ್ ಜಾಸ್ತಿ ಮಾತಾಡಲಿಲ್ಲ. "ಟ್ಯಾಕ್ಸಿಯವರು ಎಟಿಯೋಸನ್ನ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದ್ದಾರೆ ಅಕ್ಕಾ, ಆಯಿಲ್ ಬದಲಾಯಿಸ್ತಾ ಇದ್ರೆ ಸಾಕು" ಅಂದರು. ಅದೇ ಕಾರಣಕ್ಕೆ ಒಂದು ಎಚ್ಚರಿಕೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಯಿಸಿದ ಗಾಡಿಗಳೂ ಮಾರುಕಟ್ಟೆಗೆ ಬರುತ್ತವೆ. ಆರ್‌ಸಿ (ಗಾಡಿಯ ನೋಂದಣಿ ಪತ್ರ) ಸರಿಯಾಗಿ ಓದಿ, ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಳೆಯ ಬಿಲ್ಲುಗಳನ್ನು ಕೇಳಿ. ಪ್ರತಿ ಬಿಲ್ಲಿನಲ್ಲೂ ಆವತ್ತು ಎಷ್ಟು ಕಿಲೋಮೀಟರ್ ಆಗಿತ್ತು ಅಂತ ಇರುತ್ತದೆ, ಮೀಟರ್ ತಿರುಗಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಲೆಕ್ಚರರ್ ಸರ್ ಅಂತೂ ಎಲ್ಲ ಬಿಲ್ಲುಗಳನ್ನೂ ವರ್ಷದ ಪ್ರಕಾರ ಒಂದು ಫೈಲಿನಲ್ಲಿ ಹಾಕಿಟ್ಟಿದ್ದರು.

ಮಗಳಿಗೆ ಇಷ್ಟವಾಗಲಿಲ್ಲ. ಬೂದು ಬಣ್ಣ. ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ. ಮುಂದಿನ ಗಾಜಿಗೆ ಒಂದೇ ಒಂದು ವೈಪರ್. "ಇದು ತಾತನ ಕಾರು ಅಮ್ಮಾ" ಅಂದಳು. ಮನೆಗೆ ಬಂದು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ನಾನು ಅವಳನ್ನು ನಮ್ಮ ಬೀದಿಯ ಆ ಹುಡುಗನ ಮನೆಗೆ ಕರೆದುಕೊಂಡು ಹೋದೆ, ಅವನಮ್ಮನಿಗೆ ಹಬ್ಬದ ತಿಂಡಿ ಕೊಡುವ ನೆಪ. ಅವನು ಈಗ ಚೆನ್ನಾಗಿದ್ದಾನೆ, ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ ಅಷ್ಟೇ. ಚಕ್ಕುಲಿಯನ್ನು ಸಣ್ಣ ಸಣ್ಣ ಚೂರು ಮಾಡಿಕೊಂಡು ತಿಂದ. ವಾಪಸ್ ಬರುವಾಗ ಮಗಳು "ಬೂದು ಬಣ್ಣ ಧೂಳಾದ್ರೂ ಗೊತ್ತಾಗಲ್ಲ ಬಿಡಮ್ಮ" ಅಂದಳು.

4 ಲಕ್ಷ 20 ಸಾವಿರಕ್ಕೆ ಮಾತು ಮುಗಿಯಿತು. ಟೈರುಗಳ ಮೇಲಿನ ಗೀರುಗಳು ಸವೆಯದೆ ಇನ್ನೂ ಚೆನ್ನಾಗಿದ್ದವು, ಆದರೆ ಪಕ್ಕದಲ್ಲಿ 4817 ಅಂತ ಇತ್ತು. ಅಂದರೆ 2017ರ 48ನೇ ವಾರದಲ್ಲಿ ಮಾಡಿದ್ದು, ಗಾಡಿಯ ಜೊತೆಗೇ ಬಂದ ಟೈರು. ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಕೊಡುವುದಿಲ್ಲ. ನಾಲ್ಕೂ ಬದಲಾಯಿಸಿದೆವು, 18,000 ಆಯಿತು. ಮ್ಯೂಸಿಕ್ ಸಿಸ್ಟಮ್ಮಿಗೆ ಅಂತ ಇಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು.

ಕಾಗದಪತ್ರದ ವಿಷಯದಲ್ಲಿ ಎರಡು ಕಡೆ ನಾವು ಎಡವುತ್ತಿದ್ದೆವು. ಸರ್ ಕಾರಿನ ಸಾಲವನ್ನು ಎಂದೋ ತೀರಿಸಿದ್ದರು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದಾಗ ಕಂಡಿತು. ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಅದನ್ನು ತೆಗೆಸಿದ ಮೇಲೆ ಫಾರಂ 29, 30 ಹಾಕಿ ಹೆಸರು ಬದಲಾಯಿಸಿದೆವು. ಪೂರ್ತಿ ಹಣ ಅದಕ್ಕೂ ಮೊದಲು ಕೊಡಲಿಲ್ಲ, ಸರ್ ಅವರೇ ಹಾಗೆ ಮಾಡೋಣ ಅಂದರು.

ಎರಡನೆಯದು ಹೆಸರು ಯಾರದ್ದು ಅನ್ನುವುದು. ನಾನು ನನ್ನ ಹೆಸರಿಗೇ ಮಾಡಿಸಬೇಕೆಂದಿದ್ದೆ. ಆದರೆ ಇನ್ಶೂರೆನ್ಸಿನ ಜೊತೆ ಬರುವ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಇದೆಯಲ್ಲ, ಅದು ಗಾಡಿಯ ಮಾಲೀಕರಿಗೆ ಮಾತ್ರ ಅನ್ವಯಿಸುತ್ತದೆ. ಆರ್‌ಸಿ ನನ್ನ ಹೆಸರಲ್ಲಿದ್ದು ಮಗಳು ಓಡಿಸಿದರೆ ಅವಳಿಗೆ ಅದು ಸಿಗುವುದಿಲ್ಲ. ಅದಕ್ಕೇ ಅವಳ ಹೆಸರಿಗೇ ಮಾಡಿಸಿದೆವು, ಇನ್ಶೂರೆನ್ಸ್ ಕೂಡ ಅವಳ ಹೆಸರಿಗೆ ಬದಲಾಯಿತು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಅದನ್ನು ಸೇರಿಸಿ ಲೆಕ್ಕ ಹಾಕಬೇಡಿ. ಬರೀ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಮಾತ್ರ ಸಿಗುವ ವಿಮೆ) ಸಾಕು ಅಂತ ಕೆಲವರು ಹೇಳಿದರು. 2022ರ ಜೂನಿನಲ್ಲಿ ನಿಗದಿಯಾದ ದರದಂತೆ ಈ ಗಾತ್ರದ ಇಂಜಿನ್ನಿಗೆ ಅದು 3,416 ರೂಪಾಯಿ ಇತ್ತು, ನಿಜ, ಕಡಿಮೆಯೇ. ಆದರೆ ಹೊಸದಾಗಿ ಕಲಿತವರ ಗಾಡಿಗೆ ಫುಲ್ ಇನ್ಶೂರೆನ್ಸ್ ಇರಲೇಬೇಕು ಅಂತ ನನ್ನ ಅಭಿಪ್ರಾಯ.

ಗಾಡಿ ಮನೆಗೆ ಬಂದ ಮೇಲೆ ಪೂಜೆ ಮಾಡಿಸಿದೆವು, ನಿಂಬೆಹಣ್ಣಿನ ಮೇಲೆ ಮಗಳೇ ಹತ್ತಿಸಿದಳು. ಮೊದಲ ಮೂರು ತಿಂಗಳು ನಾನೋ ಅವಳ ಅಪ್ಪನೋ ಪಕ್ಕದಲ್ಲಿ ಇರಲೇಬೇಕು, ಕತ್ತಲಾದ ಮೇಲೆ ಒಬ್ಬಳೇ ಬೇಡ, ಬೆಂಗಳೂರು ಹೈವೇ ಸದ್ಯಕ್ಕೆ ಬೇಡ ಅಂತ ಮಾತಾಡಿಕೊಂಡಿದ್ದೇವೆ.

ಮೊದಲ ಭಾನುವಾರ ಬೆಳಗ್ಗೆ ಆರಕ್ಕೆ ಅವಳನ್ನು ಇನ್ನೂ ಮನೆಗಳೇಳದ ಒಂದು ಹೊಸ ಬಡಾವಣೆಯ ಖಾಲಿ ರಸ್ತೆಗೆ ಕರೆದುಕೊಂಡು ಹೋದೆ. ಇದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿರಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ನಲವತ್ತರ ಸ್ಪೀಡಿಗೆ ಹೋಗಿ, ಬ್ರೇಕನ್ನು ಶಕ್ತಿ ಇದ್ದಷ್ಟೂ ಒತ್ತು ಅಂದೆ. ಒತ್ತಿದಳು. ಎಬಿಎಸ್ ಕೆಲಸ ಶುರು ಮಾಡಿದಾಗ ಪೆಡಲ್ ಕಾಲಿನ ಕೆಳಗೆ ದಡದಡ ಅಂತ ಒದೆಯುತ್ತದೆ, ಗರಗರ ಸದ್ದೂ ಬರುತ್ತದೆ. ಅವಳು ಹೆದರಿ ಕಾಲು ತೆಗೆದುಬಿಟ್ಟಳು. ಗಾಡಿ ಮುಂದೆ ಜಾರಿತು. "ಏನೋ ಮುರೀತು ಅಮ್ಮಾ" ಅಂದಳು. ಮುರಿದಿಲ್ಲ ಕಣೇ, ಅದು ಹಾಗೇ ಒದೆಯೋದು, ಒದ್ದಾಗಲೂ ಒತ್ತಿಯೇ ಇರಬೇಕು, ಸ್ಟೀರಿಂಗ್ ಎಲ್ಲಿ ಹೋಗ್ಬೇಕೋ ಅಲ್ಲಿಗೆ ತಿರುಗಿಸು ಅಂದೆ. ಎರಡನೇ ಸಲವೂ ಕಾಲು ಸ್ವಲ್ಪ ಸಡಿಲವಾಯಿತು. ಮೂರನೇ ಸಲ ಬಿಡಲಿಲ್ಲ. ಗಾಡಿ ನೇರವಾಗಿ ನಿಂತಿತು, ಬೆಲ್ಟು ನಮ್ಮಿಬ್ಬರ ಎದೆಯನ್ನೂ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅವಳು ಸ್ಟೀರಿಂಗ್ ಬಿಡದೆ ನನ್ನ ಕಡೆ ತಿರುಗಿ "ಇನ್ನೊಂದ್ ಸಲ ಮಾಡ್ಲಾ?" ಅಂದಳು.